ರಿಲೇ ಕಾಲ್ ಬಂದಾಗ ಫೋನ್ ಇಡಬೇಡಿ: ಕಿವಿ ಕೇಳಿಸದವರ ಕರೆ ತೆಗೆದುಕೊಳ್ಳುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಕೆಲಸ ಫೋನ್ ಎತ್ತುವುದು. ಮೊದಲು ಒಂದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿದ್ದೆ, ಈಗ ಒಂದು ಕ್ಲಿನಿಕ್‌ನಲ್ಲಿದ್ದೇನೆ. ರಿಲೇ ಕಾಲ್ ಹೇಗೆ ತೆಗೆದುಕೊಳ್ಳಬೇಕು ಅಂತ ಒಂದು ಪುಟ ಬರೆದು ಪರಿಚಯದ ಕೌಂಟರ್‌ಗಳಿಗೆಲ್ಲ ಕೊಟ್ಟಿದ್ದೆ. ಗೋಡೆಗೆ ಅಂಟಿಸಿಕೊಂಡಿದ್ದಾರೆ ನಿಜ, ಆದರೆ ಎಡವುವ ಜಾಗದಲ್ಲೇ ಮತ್ತೆ ಎಡವುತ್ತಿದ್ದಾರೆ. ತಪ್ಪು ನನ್ನದೂ ಇದೆ. 'ಗೌರವದಿಂದ ಮಾತಾಡಿ' ಅಂತ ಬರೆದಿದ್ದೆ, ಗೌರವ ಅಂದರೆ ಯಾವ ಮಾತು, ಯಾವಾಗ, ಯಾವ ಕ್ರಮದಲ್ಲಿ ಅಂತ ಬರೆದಿರಲಿಲ್ಲ. ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ನಾನೇ ಮಾಡಿದ ಎಡವಟ್ಟು ಮೊದಲು ಹೇಳಿಬಿಡುತ್ತೇನೆ. ಲ್ಯಾಬ್‌ನಲ್ಲಿದ್ದಾಗ ಒಂದು ಸಂಜೆ ಒಂದೇ ನಂಬರಿನಿಂದ ಮೂರು ಸಲ ಫೋನ್ ಬಂತು. ಎತ್ತಿದರೆ ಎರಡು ಮೂರು ಸೆಕೆಂಡ್ ಮೌನ, ಆಮೇಲೆ ಯಾರೋ ಹುಡುಗಿ ಓದಿದ ಹಾಗೆ 'ನಮಸ್ಕಾರ, ನಾನು ರಿಲೇ ಸೇವೆಯಿಂದ...' ಅನ್ನುತ್ತಿದ್ದಳು. ಕ್ರೆಡಿಟ್ ಕಾರ್ಡ್ ಮಾರುವವರು ಅಂದುಕೊಂಡು ಮೂರೂ ಸಲ ಇಟ್ಟೆ. ಮರುದಿನ ಬೆಳಿಗ್ಗೆ ಜಗಳೂರು ಕಡೆಯಿಂದ ಒಬ್ಬರು ಬಂದರು, ಐವತ್ತು ದಾಟಿದವರು. ಕೈಯಲ್ಲಿ ಡಾಕ್ಟರ್ ಚೀಟಿ, ಖಾಲಿ ಹೊಟ್ಟೆಯ ಶುಗರ್ ಟೆಸ್ಟ್. ಮನೆಯಲ್ಲಿ ರೊಟ್ಟಿ ತಿಂದುಕೊಂಡೇ ಬಸ್ ಹತ್ತಿದ್ದರು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದು ತೋರಿಸಿದರು: 'ನಿನ್ನೆ ಮೂರು ಸಲ ಫೋನ್. ಊಟ ಮಾಡಬಹುದಾ ಕೇಳಲು.' ಆ ಟೆಸ್ಟ್‌ಗೆ ಕಡಿಮೆ ಅಂದರೂ ಎಂಟು ಗಂಟೆ ಏನೂ ತಿಂದಿರಬಾರದು. ಅವರು ವಾಪಸ್ ಹೋಗಿ ಇನ್ನೊಂದು ದಿನ ಬರಬೇಕಾಯಿತು. ಒಂದು ನಿಮಿಷದ ಫೋನ್ ನಾನು ಎತ್ತಿದ್ದಿದ್ದರೆ ಅವರ ಎರಡು ಟ್ರಿಪ್ ಬಸ್ ಚಾರ್ಜು ಉಳಿಯುತ್ತಿತ್ತು.

## ರಿಲೇ ಕಾಲ್ ಅಂದರೆ ಏನು, ಎರಡೇ ಮಾತಲ್ಲಿ

ಕಿವಿ ಕೇಳಿಸದವರಿಗೂ ನಿಮಗೂ ಮಧ್ಯೆ ಮೂರನೆಯವರೊಬ್ಬರು ಇರುತ್ತಾರೆ. ಆ ಕಡೆಯ ಮಾತನ್ನು ನಿಮಗೆ ದನಿಯಲ್ಲಿ ಹೇಳುತ್ತಾರೆ, ನಿಮ್ಮ ಮಾತನ್ನು ಅವರಿಗೆ ಕಾಣುವ ಹಾಗೆ ಮಾಡುತ್ತಾರೆ.

ಇದರಲ್ಲಿ ಮೂರು ಬಗೆ. ಒಂದು, ಟೈಪ್ ಮಾಡುವುದು: ಅವರು ಟೈಪ್ ಮಾಡಿದ್ದನ್ನು ಆಪರೇಟರ್ ಓದಿ ಹೇಳುತ್ತಾರೆ, ನೀವು ಹೇಳಿದ್ದನ್ನು ಟೈಪ್ ಮಾಡಿ ಕಳಿಸುತ್ತಾರೆ. ಎರಡು, ವಿಡಿಯೊ ರಿಲೇ: ಅವರು ವಿಡಿಯೊದಲ್ಲಿ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ, ಇಂಟರ್‌ಪ್ರಿಟರ್ ಅದನ್ನು ನೋಡಿಕೊಂಡು ನಿಮ್ಮ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಇಂಥ ವಿಡಿಯೊ ರಿಲೇ ಸೇವೆ ಆರಂಭಿಸಿದೆ. ಮೂರನೆಯದು ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಬರುವಂಥದ್ದು, ಅದಕ್ಕೆ ಹೆಸರೇ ಇಲ್ಲ: ತಂಗಿಯೋ ಮಗನೋ ಪಕ್ಕದ ಮನೆಯ ಹುಡುಗನೋ ಫೋನ್ ಹಿಡಿದುಕೊಂಡು 'ನಮ್ಮಣ್ಣಂಗೆ ಕಿವಿ ಕೇಳಲ್ಲ, ಅವರ ಪರವಾಗಿ ಮಾತಾಡ್ತಿದೀನಿ' ಅನ್ನುವುದು.

ಬೆಂಗಳೂರಿನಲ್ಲಿ ಅಮೆರಿಕದ ಕಾಲ್‌ಗಳನ್ನು ತೆಗೆದುಕೊಳ್ಳುವ ಕೆಲಸಕ್ಕೆ ಹೋಗಿರುವ ನಮ್ಮೂರಿನ ಹುಡುಗ ಹುಡುಗಿಯರಿಗೆ ಮೊದಲೆರಡು ಬಗೆ ಹೊಸದಲ್ಲ. ಅಲ್ಲಿ 711 ಒತ್ತಿದರೆ ರಿಲೇ ಸಿಗುತ್ತದೆ. ನನ್ನ ಚಿಕ್ಕಪ್ಪನ ಮಗಳು ಅಂಥ ಕೆಲಸದಲ್ಲಿದ್ದಾಳೆ. ಕೆಳಗಿನ ಎಷ್ಟೋ ಉಪಾಯಗಳನ್ನು ಹೇಳಿಕೊಟ್ಟವಳು ಅವಳೇ.

## ಮೇಜಿನ ಮೇಲೆ ಏನೇನು ಇರಬೇಕು

ದೊಡ್ಡ ಸಾಮಾನೇನೂ ಬೇಡ. ಒಂದು ನೋಟ್‌ಬುಕ್, ಪೆನ್ನು, ದಿನಾಂಕ ದೊಡ್ಡದಾಗಿ ಕಾಣುವ ಕ್ಯಾಲೆಂಡರ್. ವಾಟ್ಸಾಪ್ ಇರುವ ಒಂದು ನಂಬರ್, ಅದು ಕೌಂಟರ್‌ನದ್ದಾಗಿರಬೇಕು. ನಿಮ್ಮ ಸ್ವಂತ ಮೊಬೈಲ್ ಬೇಡ, ನೀವು ರಜ ಹಾಕಿದ ದಿನ ಅದೂ ರಜ. ಅಂಗಡಿಯ ಹೆಸರು, ವಿಳಾಸ, ಮ್ಯಾಪ್‌ನ ಲಿಂಕ್, ತೆರೆದಿರುವ ಸಮಯ ಇವನ್ನು ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ, ಬೇಕಾದಾಗ ಒಂದೇ ಸಲ ಕಳಿಸಬಹುದು.

ಫೋನ್ ಎತ್ತಿದ ತಕ್ಷಣ ಮೆಷಿನ್ ಮಾತಾಡುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಅದನ್ನೂ ಒಮ್ಮೆ ನೋಡಿ. 'ಕನ್ನಡಕ್ಕಾಗಿ ಒಂದನ್ನು ಒತ್ತಿ, ಅಪಾಯಿಂಟ್‌ಮೆಂಟ್‌ಗಾಗಿ ಎರಡನ್ನು ಒತ್ತಿ' ಅಂತ ಅದು ಓಡುತ್ತಿರುತ್ತದೆ. ಮಧ್ಯದವರು ಅದನ್ನು ಸನ್ನೆ ಮಾಡಿ ತೋರಿಸಿ, ಆ ಕಡೆಯವರು ಯಾವುದು ಬೇಕು ಅಂತ ಹೇಳುವಷ್ಟರಲ್ಲಿ ಮೆಷಿನ್ 'ಧನ್ಯವಾದಗಳು' ಅಂತ ಕಾಲ್ ಕಟ್ ಮಾಡಿರುತ್ತದೆ. ಯಾವ ಹಂತದಲ್ಲೇ ಆಗಲಿ ಸೊನ್ನೆ ಒತ್ತಿದರೆ ಮನುಷ್ಯರು ಸಿಗುವ ಹಾಗೆ ಮಾಡಿಸಿ.

## ಹಂತ 1: ಮೊದಲ ಹದಿನೈದು ಸೆಕೆಂಡ್ ಸುಮ್ನೆ ಕೇಳಿ

ಅರ್ಧಕ್ಕರ್ಧ ಕಾಲ್‌ಗಳು ಸಾಯುವುದು ಇಲ್ಲೇ. ರಿಲೇ ಕಾಲ್ ಶುರುವಾಗುವ ರೀತಿಯೇ ಜಾಹೀರಾತಿನ ಕಾಲ್‌ನ ಹಾಗಿರುತ್ತದೆ. ಎತ್ತಿದ ಕೂಡಲೇ ಸಣ್ಣ ಮೌನ, ಗೊತ್ತಿಲ್ಲದ ದನಿ, ಬಾಯಿಪಾಠ ಮಾಡಿದಂಥ ವಾಕ್ಯ. ಟ್ರೂಕಾಲರ್‌ನಲ್ಲಿ ಕೆಂಪು ಬಣ್ಣವೂ ಬಂದಿರಬಹುದು. ನನ್ನಂಥವರು ಕಟ್ ಮಾಡಿ ಮಾಡಿ 'ಸ್ಪ್ಯಾಮ್' ಅಂತ ಗುರುತು ಹಾಕಿಬಿಟ್ಟಿರುತ್ತಾರಲ್ಲ, ಅದಕ್ಕೆ. ಅಮೆರಿಕದಲ್ಲೂ ಇದೇ ಗೋಳು. ಅಲ್ಲಿನ ದೂರಸಂಪರ್ಕ ಆಯೋಗ 'ಫೋನ್ ಇಡಬೇಡಿ' ಅಂತ ಅಂಗಡಿಯವರಿಗೆ ತಿಳಿಹೇಳಬೇಕಾಗಿ ಬಂತು.

ಹಾಗಾಗಿ ಯಾವ ಕಾಲ್ ಆದರೂ ಮೊದಲ ವಾಕ್ಯ ಮುಗಿಯುವ ತನಕ ಕಾಯಿರಿ. 'ರಿಲೇ', 'ಇಂಟರ್‌ಪ್ರಿಟರ್', 'ಸಂಜ್ಞಾ ಭಾಷೆ', 'ಸನ್ನೆ ಭಾಷೆ', 'ಸೈನ್ ಲ್ಯಾಂಗ್ವೇಜ್', 'ಕಿವಿ ಕೇಳಿಸದವರ ಪರವಾಗಿ', ಈ ಪದಗಳಲ್ಲಿ ಒಂದು ಕಿವಿಗೆ ಬಿದ್ದರೂ ಅದು ನಿಮ್ಮ ಗಿರಾಕಿಯ ಕಾಲ್. ಮಧ್ಯದವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಶುರು ಮಾಡಬಹುದು. ಸನ್ನೆ ಭಾಷೆ ಬಲ್ಲ ಇಂಟರ್‌ಪ್ರಿಟರ್‌ಗಳೇ ಕಡಿಮೆ, ಅವರಲ್ಲಿ ಕನ್ನಡ ಬಲ್ಲವರು ಇನ್ನೂ ಕಡಿಮೆ. ಹಿಂದಿ ಕೇಳಿದ ಕೂಡಲೇ 'ರಾಂಗ್ ನಂಬರ್' ಅನ್ನಬೇಡಿ. 'ಕನ್ನಡ ಬರುತ್ತಾ?' ಅಂತ ಕೇಳಿ. ಬರದಿದ್ದರೆ ಪಕ್ಕದಲ್ಲಿ ಹಿಂದಿ ಬಲ್ಲವರನ್ನು ಕರೆಯಿರಿ, ಅಷ್ಟೇ.

'ರಿಲೇ ಕಾಲ್ ಮೊದಲು ತೆಗೆದುಕೊಂಡಿದ್ದೀರಾ?' ಅಂತ ಅವರು ಕೇಳಬಹುದು. ಇಲ್ಲ ಅಂದರೆ ಇಲ್ಲ ಅನ್ನಿ. ಹೇಗೆ ಅಂತ ಅವರೇ ಹೇಳಿಕೊಡುತ್ತಾರೆ. ಗೊತ್ತಿದ್ದವರ ಹಾಗೆ ನಟಿಸಿದರೆ ಮುಂದೆ ಪೂರ್ತಿ ಗೊಂದಲ.

## ಹಂತ 2: ಫೋನ್ ಮಾಡಿದವರು ಯಾರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಫೋನಿನಲ್ಲಿ ಕೇಳುವ ದನಿ ಫೋನ್ ಮಾಡಿದವರದ್ದಲ್ಲ. ಇದು ತಲೆಗೆ ಗೊತ್ತಾಗುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ.

ಇಂಟರ್‌ಪ್ರಿಟರ್ 'ನಾನು' ಅಂತಲೇ ಮಾತಾಡುತ್ತಾರೆ. ಹೆಣ್ಣು ದನಿ 'ನಾನು ಬಸವರಾಜ, ನನ್ನ ರಿಪೋರ್ಟ್ ಬಂತಾ?' ಅಂತ ಕೇಳುತ್ತದೆ. ನಮ್ಮ ಬಾಯಿ ತಾನಾಗಿಯೇ 'ಮೇಡಂ' ಅಂದುಬಿಡುತ್ತದೆ. ಮಧ್ಯದವರು ಅದನ್ನೂ ಇದ್ದ ಹಾಗೇ ದಾಟಿಸುತ್ತಾರೆ. ಆ ಕಡೆ ಬಸವರಾಜಪ್ಪನವರಿಗೆ 'ಮೇಡಂ' ಅಂತ ಕಾಣುತ್ತದೆ. ನಗು ಬರುತ್ತೆ ಅಲ್ವಾ, ದಿನಾ ನಡೆದರೆ ಅವರಿಗೆ ನಗು ಬರುವುದಿಲ್ಲ.

ಮಾಡಬೇಕಾದ್ದು ಇಷ್ಟು. ಮೊದಲ ಪ್ರಶ್ನೆಯಾಗಿ 'ತಮ್ಮ ಹೆಸರು ಹೇಳಿ' ಅನ್ನಿ. ಬಂದ ಹೆಸರನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆಯಿರಿ. ಕಾಲ್ ಮುಗಿಯುವ ತನಕ ಆ ಹೆಸರನ್ನು ನೋಡಿಕೊಂಡೇ ಮಾತಾಡಿ. ಮಾಮೂಲಿ ಗಿರಾಕಿಯನ್ನು ಸರ್, ಅಣ್ಣ, ಅಕ್ಕ, ಯಜಮಾನ್ರೇ ಅಂತ ಹೇಗೆ ಕರೆಯುತ್ತೀರೋ ಇವರನ್ನೂ ಹಾಗೇ ಕರೆಯಿರಿ. ವಯಸ್ಸು ಗೊತ್ತಾಗದಿದ್ದರೆ 'ನೀವು' ಇದ್ದೇ ಇದೆ. ಕಿವಿ ಕೇಳಿಸದು ಅಂತ ಗೊತ್ತಾದ ಕೂಡಲೇ ದೊಡ್ಡವರಿಗೂ 'ನೀನು', 'ಪಾಪ' ಶುರು ಮಾಡುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಿ.

ಇನ್ನೊಂದು ವಿಷಯ. ಪಕ್ಕದವರಿಗೆ ಹೇಳುವಾಗಲೂ 'ಮೂಗರ ಕಾಲ್ ಬಂದಿದೆ' ಅನ್ನಬೇಡಿ. ಕಿವುಡರು ಅನ್ನಿ, ಕಿವಿ ಕೇಳಿಸದವರು ಅನ್ನಿ, ಎರಡೂ ನಡೆಯುತ್ತದೆ. ರಿಸೀವರ್ ಕೈಯಲ್ಲಿ ಮುಚ್ಚಿಕೊಂಡಿದ್ದೇನೆ ಅಂತ ಧೈರ್ಯವಾಗಿ ಏನಾದರೂ ಅಂದರೆ ಅದೂ ಆ ಕಡೆಗೆ ಹೋಗುತ್ತದೆ. ಕೇಳಿಸಿದ್ದನ್ನೆಲ್ಲ ದಾಟಿಸುವುದೇ ರಿಲೇಯವರ ಕೆಲಸ. ಹಿಂದೆ ಯಾರೋ ನಕ್ಕರೆ 'ಹಿಂದೆ ಯಾರೋ ನಗುತ್ತಿದ್ದಾರೆ' ಅಂತಲೂ ತಿಳಿಸುತ್ತಾರೆ.

## ಹಂತ 3: 'ಅವರಿಗೆ ಹೇಳಿ' ಅನ್ನುವುದನ್ನು ಬಿಡಿ

ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಇದು. ಹತ್ತು ಸಲ ಹೇಳಿಕೊಟ್ಟ ಮೇಲೂ ಆಗುತ್ತದೆ. ಕನ್ನಡದಲ್ಲಿ ಇನ್ನೊಬ್ಬರ ಮಾತು ದಾಟಿಸುವುದು ಎಷ್ಟು ಸಲೀಸು ನೋಡಿ: ಒಂದು 'ಅಂತೆ', ಒಂದು 'ಅಂತ ಹೇಳಿ' ಸೇರಿಸಿದರೆ ಮುಗಿಯಿತು. ಅದೇ ಇಲ್ಲಿ ತೊಂದರೆ ಕೊಡುತ್ತದೆ.

ತಪ್ಪು: 'ನಾಳೆ ಬೆಳಿಗ್ಗೆ ಬರಬೇಕಂತೆ ಅಂತ ಅವರಿಗೆ ಹೇಳಿ.'
ಸರಿ: 'ನಾಳೆ ಬೆಳಿಗ್ಗೆ ಬನ್ನಿ.'

ತಪ್ಪು: 'ಅವರಿಗೆ ಶುಗರ್ ಎಷ್ಟು ವರ್ಷದಿಂದ ಇದೆ ಕೇಳಿ.'
ಸರಿ: 'ನಿಮಗೆ ಶುಗರ್ ಎಷ್ಟು ವರ್ಷದಿಂದ ಇದೆ?'

ಶುಗರ್‌ನ ಆ ತಪ್ಪು ವಾಕ್ಯವನ್ನು ಮಧ್ಯದವರು ಹಾಗೇ ದಾಟಿಸಿದರೆ ಆ ಕಡೆಯವರಿಗೆ ಕಾಣುವುದು 'ಅವರಿಗೆ ಶುಗರ್ ಎಷ್ಟು ವರ್ಷದಿಂದ ಇದೆ ಕೇಳಿ' ಅಂತಲೇ. ಯಾರಿಗೆ? ಯಾರನ್ನು ಕೇಳಬೇಕು? ತನ್ನ ಕಾಯಿಲೆಯ ವಿಚಾರದಲ್ಲಿ ಇಬ್ಬರು ತನ್ನ ತಲೆಯ ಮೇಲಿಂದ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಅನ್ನಿಸುವುದೇನು, ಹಾಗೇ ನಡೆಯುತ್ತಿರುತ್ತದೆ.

ಮಧ್ಯದವರ ಹತ್ತಿರ ಹರಟೆಗೂ ಇಳಿಯಬೇಡಿ. 'ನೀವು ಯಾವ ಊರು? ಇವರಿಗೆ ಹುಟ್ಟಿದಾಗಿನಿಂದ ಹೀಗೇನಾ? ಓದು ಬರಹ ಬರುತ್ತಾ?' ಇದನ್ನೆಲ್ಲ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ, ಕೊಡಬಾರದು ಕೂಡ. 'ನೀವೇ ಅವರಿಗೆ ಸ್ವಲ್ಪ ಬುದ್ಧಿ ಹೇಳಿ' ಅಂದರೂ ಪ್ರಯೋಜನವಿಲ್ಲ, ಸಲಹೆ ಕೊಡುವುದು ಅವರ ಕೆಲಸವಲ್ಲ. ಅಮೆರಿಕದ ಕಾನೂನಿನಲ್ಲಂತೂ ರಿಲೇ ಆಪರೇಟರ್ ಮಾತನ್ನು ಬದಲಿಸುವ ಹಾಗಿಲ್ಲ, ಹೊರಗೆ ಬಾಯಿಬಿಡುವ ಹಾಗಿಲ್ಲ, ಕಾಲ್ ಮುಗಿದ ಮೇಲೆ ಏನು ಮಾತಾಡಿದರು ಅನ್ನುವ ದಾಖಲೆ ಇಟ್ಟುಕೊಳ್ಳುವ ಹಾಗೂ ಇಲ್ಲ.

ಬಾಯಿ ತಪ್ಪಿ 'ಅವರಿಗೆ ಹೇಳಿ' ಅಂದುಬಿಟ್ಟರೆ ದೊಡ್ಡ ಕ್ಷಮೆ ಗಿಮೆ ಬೇಡ. ಅದೇ ವಾಕ್ಯವನ್ನು ಸರಿ ಮಾಡಿ ಇನ್ನೊಮ್ಮೆ ಹೇಳಿ, ಮುಂದೆ ಹೋಗಿ.

## ಹಂತ 4: ಒಂದು ಸಲಕ್ಕೆ ಒಂದೇ ಮಾತು, ಆಮೇಲೆ ಕಾಯುವುದು

ರಿಲೇ ಕಾಲ್ ನಿಧಾನ. ಅಮೆರಿಕದ ನಿಯಮದ ಪ್ರಕಾರ ಟೈಪ್ ಮಾಡುವ ಆಪರೇಟರ್ ನಿಮಿಷಕ್ಕೆ ಕಡಿಮೆ ಅಂದರೂ 60 ಪದ ಟೈಪ್ ಮಾಡಬೇಕು. ಕೌಂಟರ್‌ನಲ್ಲಿ ನಾವು ಮಾತಾಡುವುದು ಅದಕ್ಕಿಂತ ಎಷ್ಟೋ ಜೋರು. ಅಂದರೆ ನೀವು ಮುಗಿಸಿ ಉಸಿರು ಬಿಡುವಾಗ ನಿಮ್ಮ ಮಾತಿನ ಅರ್ಧ ಭಾಗ ಇನ್ನೂ ದಾರಿಯಲ್ಲೇ ಇರುತ್ತದೆ. ವಿಡಿಯೊ ರಿಲೇ ಇದಕ್ಕಿಂತ ಬೇಗ, ಆದರೂ ಇಂಟರ್‌ಪ್ರಿಟರ್ ವಾಕ್ಯದ ಅರ್ಥ ಹಿಡಿಯುವ ತನಕ ಒಂದೆರಡು ಸೆಕೆಂಡ್ ಹಿಂದೆಯೇ ಇರುತ್ತಾರೆ.

ಹಾಗಾಗಿ ಒಂದು ವಿಷಯ ಹೇಳಿ, ನಿಲ್ಲಿಸಿ. ಟೈಪ್ ರಿಲೇಯಲ್ಲಿ ನಿಮ್ಮ ಸರದಿ ಮುಗಿದಾಗ 'ಹೇಳಿ' ಅನ್ನುವುದು ರೂಢಿ, ಇಂಗ್ಲಿಷ್ ಕಾಲ್‌ಗಳಲ್ಲಿ 'ಗೋ ಅಹೆಡ್' ಅನ್ನುತ್ತಾರೆ. ಅದು ಬರುವ ತನಕ ಆ ಕಡೆಯವರು ಕಾಯುತ್ತಿರುತ್ತಾರೆ. ನೀವು ಹೇಳಲು ಮರೆತರೆ ಇಬ್ಬರೂ ಸುಮ್ನೆ ಕೂತಿರುತ್ತೀರಿ.

ಮೌನ ಬಂದಾಗ 'ಹಲೋ? ಹಲೋ? ಕೇಳಿಸ್ತಿದೆಯಾ?' ಅನ್ನುವುದು ನಮ್ಮ ಎರಡನೇ ದೊಡ್ಡ ಚಾಳಿ. ಪ್ರತಿ ಹಲೋವನ್ನೂ ಮಧ್ಯದವರು ದಾಟಿಸಬೇಕು. ಆ ಕಡೆಯವರು ಉತ್ತರ ಟೈಪ್ ಮಾಡುವುದನ್ನು ಅರ್ಧಕ್ಕೆ ಬಿಟ್ಟು ನಿಮ್ಮ ಹಲೋಗೆ ಹಲೋ ಅನ್ನಬೇಕು. ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಿ. ಆಮೇಲೂ ಏನೂ ಇಲ್ಲದಿದ್ದರೆ ಒಂದೇ ಸಲ 'ಲೈನ್‌ನಲ್ಲಿ ಇದ್ದೀರಾ?' ಅಂತ ಕೇಳಿ.

ಜೋರಾಗಿ ಕೂಗುವುದಂತೂ ಬೇಡವೇ ಬೇಡ. ಕಿವಿ ಕೇಳಿಸುವ ಇಂಟರ್‌ಪ್ರಿಟರ್‌ನ ಕಿವಿ ಹೋಗುತ್ತದೆ, ಅಷ್ಟೇ. ನಮ್ಮ ಕ್ಲಿನಿಕ್‌ನ ಕಾಂಪೌಂಡರ್ ಇವತ್ತಿಗೂ ಕೂಗುತ್ತಾರೆ.

ಅಪರೂಪಕ್ಕೆ ಇನ್ನೊಂದು ಥರ ಇರುತ್ತದೆ. ಕೆಲವರು ತಾವೇ ಬಾಯಲ್ಲಿ ಮಾತಾಡಿ, ನಿಮ್ಮ ಉತ್ತರವನ್ನು ಮಾತ್ರ ಓದಿಕೊಳ್ಳುತ್ತಾರೆ. ದೊಡ್ಡವರಾದ ಮೇಲೆ ಕಿವಿ ಹೋದವರು ಹೀಗೆ ಮಾಡುವುದು ಜಾಸ್ತಿ. 'ಮಾತಾಡ್ತಾರಲ್ಲ, ಕಿವಿ ಕೇಳಿಸದೇ ಇರುತ್ತಾ' ಅಂತ ಅನುಮಾನ ಬೇಡ.

## ಹಂತ 5: ದಿನ, ಟೈಮು, ಹೆಸರು, ವಿಳಾಸ

ಎಷ್ಟು ಗೌರವದಿಂದ ಮಾತಾಡಿದರೂ ಇಲ್ಲಿ ತಪ್ಪಿದರೆ ಗಿರಾಕಿ ತಪ್ಪು ದಿನ ತಪ್ಪು ಜಾಗದಲ್ಲಿ ನಿಂತಿರುತ್ತಾರೆ. ಅದಕ್ಕೇ ಈ ಹಂತ ಉದ್ದ.

ದಿನ. 'ನಾಡಿದ್ದು ಬನ್ನಿ', 'ಎಂಟು ದಿನ ಬಿಟ್ಟು ಬನ್ನಿ', 'ಹಬ್ಬ ಆದ ಮೇಲೆ ನೋಡೋಣ' ಇವು ನಮಗೆ ಸಲೀಸು, ದಾಟಿಸುವವರಿಗೆ ತಲೆನೋವು. 'ಎಂಟು ದಿನ ಬಿಟ್ಟು' ಅಂದರೆ ಮುಂದಿನ ವಾರ ಇದೇ ವಾರವೋ, ಅದರ ಮರುದಿನವೋ? ನಾವೇ ಜಗಳ ಆಡುತ್ತೇವೆ. ಕ್ಯಾಲೆಂಡರ್ ನೋಡಿ ದಿನಾಂಕವನ್ನೂ ವಾರವನ್ನೂ ಹೇಳಿ: '14ನೇ ತಾರೀಖು, ಮಂಗಳವಾರ.'

ಟೈಮು. ಒಂದೂವರೆ, ಎರಡೂಮುಕ್ಕಾಲು, ನಾಲ್ಕೂಕಾಲು ಅನ್ನುವುದನ್ನು ಬಿಟ್ಟು 'ಮಧ್ಯಾಹ್ನ 1 ಗಂಟೆ 30 ನಿಮಿಷ' ಅನ್ನಿ. ಮಧ್ಯದವರಿಗೆ ಕನ್ನಡ ಅಷ್ಟಕ್ಕಷ್ಟೇ ಆಗಿದ್ದರೆ ಎರಡೂಮುಕ್ಕಾಲು ಎರಡಾಗಿ ದಾಟಿಬಿಡುತ್ತದೆ.

ಹೆಸರು. ಭಾರತೀಯ ಸನ್ನೆ ಭಾಷೆಯಲ್ಲಿ ಹೆಸರನ್ನು ಎರಡೂ ಕೈಯ ಬೆರಳುಗಳಿಂದ, ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಒಂದೊಂದಾಗಿ ತೋರಿಸುತ್ತಾರೆ. ಡಾಕ್ಟರ್ ಹೆಸರು, ಔಷಧದ ಹೆಸರು ಬಂದಾಗ ಅಕ್ಷರ ಅಕ್ಷರವಾಗಿ ಹೇಳಿ, ಮಧ್ಯೆ ಬಿಡುವು ಕೊಡಿ. ಔಷಧದ ಹೆಸರಾದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ವಾಟ್ಸಾಪ್‌ನಲ್ಲೂ ಕಳಿಸಿ. ಒಂದು ಅಕ್ಷರ ಆಚೀಚೆ ಆದರೆ ಬೇರೆ ಮಾತ್ರೆ.

ವಿಳಾಸ. 'ಜಯದೇವ ಸರ್ಕಲ್‌ನಿಂದ ಸ್ವಲ್ಪ ಮುಂದೆ ಬಂದು ಎಡಕ್ಕೆ, ಅಲ್ಲಿ ಯಾರನ್ನಾದರೂ ಕೇಳಿ.' ಇದರಲ್ಲಿ ಎರಡು ತಪ್ಪಿದೆ. ಎಲ್ಲೋ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತ ಇಂಟರ್‌ಪ್ರಿಟರ್‌ಗೆ ಜಯದೇವ ಸರ್ಕಲ್ ಯಾವುದು ಅಂತ ಗೊತ್ತಿಲ್ಲ. ಎರಡನೆಯದು ದೊಡ್ಡದು: 'ಯಾರನ್ನಾದರೂ ಕೇಳಿ' ಅನ್ನುವುದು ಕಿವಿ ಕೇಳಿಸದವರಿಗೆ ಕೊಡುವ ದಾರಿಯೇ ಅಲ್ಲ. ಮ್ಯಾಪ್ ಲಿಂಕ್ ಕಳಿಸಿ. ಕಟ್ಟಡದ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಬಂದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡಿ. ಕ್ಲಿನಿಕ್‌ನಲ್ಲಿ ಹೆಸರು ಕೂಗುತ್ತೇವಲ್ಲ, ಅವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರೂ ನಂಬರ್ ತಪ್ಪಿಹೋಗುತ್ತದೆ. 'ಬಂದ ಕೂಡಲೇ ಕೌಂಟರ್‌ನಲ್ಲಿ ನಿಮ್ಮ ಹೆಸರು ತೋರಿಸಿ, ನಿಮ್ಮ ಸರದಿ ಬಂದಾಗ ನಾನೇ ಬಂದು ಕರೆಯುತ್ತೇನೆ' ಅನ್ನಿ. ಹಾಗಂದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಮರೆಯುತ್ತೀರಿ.

ಎಲ್ಲ ಮುಗಿದ ಮೇಲೆ 'ಅರ್ಥ ಆಯ್ತಾ?' ಅಂತ ಕೇಳಬೇಡಿ. ಯಾರಾದರೂ 'ಹ್ಞೂಂ' ಅಂದೇ ಅನ್ನುತ್ತಾರೆ, ನಾವೂ ಅನ್ನುತ್ತೇವೆ. 'ಯಾವತ್ತು, ಎಷ್ಟು ಗಂಟೆಗೆ ಬರ್ತೀರಿ?' ಅಂತ ಕೇಳಿ. ಅವರ ಬಾಯಿಂದ ಸರಿಯಾದ ದಿನ ಬಂದರೆ ಮಾತು ತಲುಪಿದೆ ಅಂತ ಲೆಕ್ಕ.

## ಹಂತ 6: ಗುರುತು ಕೇಳುವುದು, ಒಟಿಪಿ, ಮೋಸದ ಭಯ

'ಮಧ್ಯೆ ಮೂರನೆಯವರು ಇದ್ದಾರೆ, ಖಾತೆ ವಿಚಾರ ಹೇಳಲ್ಲ, ನೀವೇ ಖುದ್ದಾಗಿ ಮಾತಾಡಿ.' ಸಾಲ, ಇನ್ಶೂರೆನ್ಸ್, ಗ್ಯಾಸ್, ಬ್ಯಾಂಕು ಎಲ್ಲ ಕಡೆ ಕೇಳುವ ಮಾತು ಇದು. ಖುದ್ದಾಗಿ ಮಾತಾಡಲು ಆಗದಿರುವುದಕ್ಕೇ ರಿಲೇಗೆ ಹೋಗಿದ್ದಾರೆ ಅನ್ನುವುದು ಹೇಳುವವರ ತಲೆಗೆ ಹೊಳೆಯುವುದಿಲ್ಲ.

ಭಯ ಪೂರ್ತಿ ಸುಳ್ಳು ಅಂತಲೂ ಹೇಳುವುದಿಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಳ್ಳರು ಇಂಟರ್ನೆಟ್‌ನ ಟೈಪ್ ರಿಲೇ ಬಳಸಿ, ಕದ್ದ ಕಾರ್ಡ್‌ಗಳಿಂದ ಅಂಗಡಿಗಳಿಗೆ ದೊಡ್ಡ ದೊಡ್ಡ ಆರ್ಡರ್ ಕೊಡುತ್ತಿದ್ದರು. ಆಮೇಲೆ 2008ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ, ಬಳಸುವವರು ನೋಂದಾಯಿಸಿಕೊಂಡು ಹತ್ತಂಕಿಯ ನಂಬರ್ ಪಡೆಯುವ ವ್ಯವಸ್ಥೆ ತಂದಿತು. ಅದರ ಜೊತೆಗೇ ಅಲ್ಲಿನ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಅಂಗಡಿ, ಆಸ್ಪತ್ರೆ, ಹೋಟೆಲ್ ಯಾವುದೇ ಆಗಲಿ, ಬೇರೆ ಕಾಲ್‌ಗಳಿಗೆ ಹೇಗೆ ಉತ್ತರಿಸುತ್ತದೋ ರಿಲೇ ಕಾಲ್‌ಗೂ ಹಾಗೇ ಉತ್ತರಿಸಬೇಕು.

ನಾನು ಇಟ್ಟುಕೊಂಡಿರುವ ಅಳತೆ ಇದು. ಕಾಲ್ ಬಂದ ದಾರಿ ನೋಡಿ ಅನುಮಾನ ಪಡಬೇಡಿ, ಏನು ಕೇಳುತ್ತಿದ್ದಾರೆ ಅನ್ನುವುದನ್ನು ನೋಡಿ. ಮಾಮೂಲಿ ಕಾಲ್‌ನಲ್ಲಿ ಜನ್ಮದಿನಾಂಕ, ಬಿಲ್ ನಂಬರ್, ನೋಂದಾಯಿಸಿದ ಮೊಬೈಲ್ ನಂಬರ್ ಕೇಳುತ್ತೀರಲ್ಲ, ಇಲ್ಲೂ ಅಷ್ಟೇ ಕೇಳಿ. ಉತ್ತರ ಸರಿ ಇದ್ದರೆ ಕೆಲಸ ಮಾಡಿಕೊಡಿ. ತಪ್ಪಿದ್ದರೆ ಯಾರಿಗೆ ಇಲ್ಲ ಅನ್ನುತ್ತೀರೋ ಇವರಿಗೂ ಹಾಗೇ ಇಲ್ಲ ಅನ್ನಿ. ಇವರಿಗೆ ಮಾತ್ರ ಎರಡು ಪ್ರಶ್ನೆ ಜಾಸ್ತಿ ಯಾಕೆ?

ಒಟಿಪಿ ಮಾತ್ರ ಬೇರೆ. ಅದನ್ನು ಮಧ್ಯದವರ ಬಾಯಲ್ಲಿ ಹೇಳಿಸಬೇಡಿ. ಕಿವಿ ಕೇಳಿಸುವವರಿಗೂ ಫೋನಿನಲ್ಲಿ ಒಟಿಪಿ ಹೇಳಬೇಡಿ ಅಂತ ನಾವೇ ಎಚ್ಚರಿಸುತ್ತೇವೆ ಅಲ್ವಾ. ಮೆಸೇಜ್‌ನ ಲಿಂಕ್‌ನಲ್ಲೋ ಆ್ಯಪ್‌ನಲ್ಲೋ ಅವರೇ ಹಾಕುವ ದಾರಿ ಕೊಡಿ. ಆದರೆ 'ವಾಯ್ಸ್ ಕಾಲ್‌ನಲ್ಲಿ ಕೋಡ್ ಬರುತ್ತದೆ' ಅನ್ನುವ ದಾರಿ ಕೊಟ್ಟು ಕೂರಬೇಡಿ.

ಗುರುತಿಗಾಗಿ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಫೋಟೊ ಕಳಿಸಿ ಅಂತ ಕೇಳುವುದೂ ಬೇಡ. ಸರ್ಕಾರಿ ಸೌಲಭ್ಯ ಕೊಡುವಾಗ ಅದು ಬೇಕಾಗಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಗೆ 70 ಡೆಸಿಬಲ್ ನಷ್ಟವಾದರೆ ಕಿವುಡು, 60ರಿಂದ 70ರ ಮಧ್ಯೆ ಇದ್ದರೆ ಮಂದ ಶ್ರವಣ. ಆ ಲೆಕ್ಕ ಸರ್ಟಿಫಿಕೇಟ್ ಕೊಡುವ ಡಾಕ್ಟರ್‌ಗೆ ಇರಲಿ. ಸೀರೆ ಬಂತಾ, ಡಾಕ್ಟರ್ ಇದ್ದಾರಾ ಅಂತ ಕೇಳುವವರ ಕಿವಿಯ ಪ್ರಮಾಣಪತ್ರ ನಿಮಗ್ಯಾಕೆ?

## ಹಂತ 7: ಮಧ್ಯೆ ಮನೆಯವರೇ ಇದ್ದಾಗ

ಇಲ್ಲಿ ಮೇಲಿನ ನಿಯಮಗಳು ಸ್ವಲ್ಪ ಬಗ್ಗುತ್ತವೆ. ಮನೆಯವರು ಇಂಟರ್‌ಪ್ರಿಟರ್ ಅಲ್ಲ. ಅವರು 'ನಾನು' ಅನ್ನುವುದಿಲ್ಲ, 'ನಮ್ಮಕ್ಕ' ಅನ್ನುತ್ತಾರೆ. ಎಷ್ಟೋ ಉತ್ತರಗಳನ್ನು ಆ ಅಕ್ಕನನ್ನು ಕೇಳದೆ ತಾವೇ ಕೊಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ತಪ್ಪು ಉತ್ತರವನ್ನೂ ಅಷ್ಟೇ ಪ್ರೀತಿಯಿಂದ ಕೊಡುತ್ತಾರೆ.

ಮೊದಲು ಕೇಳಬೇಕಾದ್ದು: 'ಅಕ್ಕ ಈಗ ನಿಮ್ಮ ಪಕ್ಕದಲ್ಲಿ ಇದ್ದಾರಾ?' ಇದ್ದರೆ 'ದಯವಿಟ್ಟು ಅವರನ್ನೇ ಕೇಳಿ ಹೇಳಿ, ನಾನು ಕಾಯ್ತೀನಿ' ಅನ್ನಿ. ಇಲ್ಲಿ ಮಾತ್ರ 'ಅವರನ್ನು ಕೇಳಿ' ಅನ್ನುವುದು ತಪ್ಪಲ್ಲ. ಇಲ್ಲದಿದ್ದರೆ ಸಾಮಾನ್ಯ ಮಾಹಿತಿ ಕೊಡಿ, ರಿಪೋರ್ಟು, ಕಾಯಿಲೆ, ಹಣದ ವಿಚಾರ ಕೊಡಬೇಡಿ. ವಾಟ್ಸಾಪ್ ನಂಬರ್ ಕೊಟ್ಟು 'ಅಕ್ಕನೇ ಮೆಸೇಜ್ ಮಾಡಲಿ' ಅನ್ನಿ.

ಫೋನ್ ಹಿಡಿದವರು ಹತ್ತು ಹನ್ನೆರಡು ವರ್ಷದ ಮಗುವಾಗಿದ್ದರೆ? ಆಗುತ್ತದೆ, ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದ ಮನೆಗಳಲ್ಲಿ ಮಗುವೇ ಫೋನು. ಸಮಯ, ವಿಳಾಸ ಹೇಳಿ. ಆದರೆ ಅಮ್ಮನ ಗರ್ಭಕೋಶದ ಸ್ಕ್ಯಾನ್‌ನಲ್ಲಿ ಏನು ಬಂದಿದೆ ಅಂತ ಆ ಮಗುವಿನ ಬಾಯಲ್ಲಿ ಹೇಳಿಸಬೇಡಿ. ಅಮ್ಮನನ್ನು ಕ್ಲಿನಿಕ್‌ಗೆ ಕರೆಸಿ, ಬರೆದು ತಿಳಿಸಿ, ಸನ್ನೆ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಹುಡುಕಿ. ದಾವಣಗೆರೆಯಲ್ಲೇ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ (ಸಂಯುಕ್ತ ಪ್ರಾದೇಶಿಕ ಕೇಂದ್ರ) ಇದೆ. ಇಂಟರ್‌ಪ್ರಿಟರ್ ಬೇಕಾದಾಗ ವಿಚಾರಿಸಲು ನಾನು ಮೊದಲು ಹೋಗುವುದು ಅಲ್ಲಿಗೆ.

## ಕಾಲ್ ಕೆಡುತ್ತಿದೆ ಅನ್ನುವ ಲಕ್ಷಣಗಳು

ನೀವು 'ಬೆಳಿಗ್ಗೆ ಬರ್ತೀರಾ, ಸಂಜೆ ಬರ್ತೀರಾ?' ಅಂತ ಕೇಳಿದ್ದಕ್ಕೆ 'ಹೌದು' ಅಂತ ಉತ್ತರ ಬಂದರೆ ಪ್ರಶ್ನೆ ದಾಟಿಲ್ಲ. ಎರಡಾಗಿ ಒಡೆದು ಕೇಳಿ: ಬೆಳಿಗ್ಗೆ ಆಗುತ್ತಾ? ಸಂಜೆ ಆಗುತ್ತಾ?

ಒಂದೇ ಪ್ರಶ್ನೆ ಅವರಿಂದ ಎರಡು ಸಲ ಬಂದರೆ ನಿಮ್ಮ ಉತ್ತರ ಅರ್ಥವಾಗಿಲ್ಲ. ಅದೇ ವಾಕ್ಯವನ್ನೇ ಮತ್ತೆ ಹೇಳಬೇಡಿ, ಬೇರೆ ಪದ ಹಾಕಿ. 'ಉಪವಾಸ ಬರಬೇಕು' ಅರ್ಥವಾಗದಿದ್ದರೆ 'ರಾತ್ರಿ 10ರ ನಂತರ ಏನೂ ತಿನ್ನಬೇಡಿ, ನೀರು ಮಾತ್ರ ಕುಡಿಯಬಹುದು.'

ಮಧ್ಯದವರು ಪದೇ ಪದೇ 'ಇನ್ನೊಮ್ಮೆ ಹೇಳಿ' ಅಂದರೆ ನೀವು ಓಡುತ್ತಿದ್ದೀರಿ, ಅಥವಾ ನಿಮ್ಮ ಹಿಂದೆ ಮಿಕ್ಸಿಯೋ ಟಿವಿಯೋ ಓಡುತ್ತಿದೆ.

ನಿಮಗೇ ಸಿಟ್ಟು ಬರುತ್ತಿದೆ, ಎದುರಿಗೆ ಆರು ಜನ ನಿಂತಿದ್ದಾರೆ. ಇದೂ ಲಕ್ಷಣವೇ. 'ಸರ್, ಇಲ್ಲಿ ಈಗ ಜನ ಜಾಸ್ತಿ ಇದ್ದಾರೆ. 12 ಗಂಟೆಗೆ ಇನ್ನೊಮ್ಮೆ ಮಾತಾಡೋಣವಾ, ಇಲ್ಲ ವಾಟ್ಸಾಪ್‌ನಲ್ಲಿ ಈಗಲೇ ಬರೆಯಲಾ?' ಅಂತ ಇದ್ದದ್ದನ್ನು ಹೇಳಿ. ಹೋಲ್ಡ್‌ಗೆ ಹಾಕಿ ಮರೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ತುರ್ತು ಇದ್ದರೆ, ಆಂಬುಲೆನ್ಸ್ ಬೇಕು, ಎದೆನೋವು, ಹೆರಿಗೆ ನೋವು ಅಂದರೆ, ಮುಂದೂಡುವ ಮಾತೇ ಇಲ್ಲ. ವಿಳಾಸ ತೆಗೆದುಕೊಂಡು ನೀವೇ 108ಕ್ಕೆ ಫೋನ್ ಮಾಡಿ. ಆ ಕಡೆಯವರಿಗೆ ಇನ್ನೊಂದು ರಿಲೇ ಕಾಲ್ ಹಚ್ಚುವಷ್ಟು ಹೊತ್ತು ಇರುವುದಿಲ್ಲ.

## ಹಂತ 8: ಮುಗಿಸುವುದು ಮತ್ತು ವಾಪಸ್ ಫೋನ್ ಮಾಡುವುದು

ಮಾತು ಮುಗಿಯಿತು ಅಂತ ತಟ್ಟನೆ ಇಡಬೇಡಿ. 'ಇನ್ನೇನಾದರೂ ಕೇಳುವುದಿದೆಯಾ?' ಅಂತ ಕೇಳಿ, ಕಾಯಿರಿ, ಅವರು 'ಇಲ್ಲ, ಇಡ್ತೀನಿ' ಅಂದ ಮೇಲೆ ಇಡಿ. ಕೊನೆಯ ಪ್ರಶ್ನೆ ಯಾವಾಗಲೂ ದಾರಿಯಲ್ಲೇ ಇರುತ್ತದೆ.

ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ 'ಮೆಸೇಜ್ ಮಾತ್ರ' ಅಂತ ಬರೆಯಿರಿ. ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಸಂಜೆ ಪಾಳಿಯವರು ರಿಪೋರ್ಟ್ ಬಂತು ಅಂತ ಆ ನಂಬರಿಗೆ ಐದು ಸಲ ಫೋನ್ ಮಾಡಿ 'ಎತ್ತಲಿಲ್ಲ' ಅಂತ ಬರೆದಿಡುತ್ತಾರೆ.

ಮೆಸೇಜ್ ಬರೆಯುವಾಗಲೂ ಒಂದು ಮಾತು ನೆನಪಿರಲಿ. ಚಿಕ್ಕಂದಿನಿಂದ ಸನ್ನೆಯಲ್ಲೇ ಬೆಳೆದ ಎಷ್ಟೋ ಜನರಿಗೆ ಬರೆಯುವ ಕನ್ನಡ ಎರಡನೆಯ ಭಾಷೆ. ಸನ್ನೆ ಭಾಷೆಯ ವ್ಯಾಕರಣವೇ ಬೇರೆ, ಪ್ರಶ್ನೆಯ ಪದ ಅಲ್ಲಿ ಕೊನೆಗೆ ಬರುತ್ತದೆ. 'ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ' ಬದಲು 'ಡಾಕ್ಟರ್ ಬರು ಟೈಮ್ ಎಷ್ಟು' ಅಂತ ಮೆಸೇಜ್ ಬಂದರೆ ಓದು ಬಾರದವರು ಅಂದುಕೊಳ್ಳಬೇಡಿ. ನೀವು ಚಿಕ್ಕ ವಾಕ್ಯ ಬರೆಯಿರಿ, ಒಂದು ಸಾಲಿಗೆ ಒಂದು ವಿಷಯ. ವಾಯ್ಸ್ ಮೆಸೇಜ್ ಕಳಿಸಬೇಡಿ. ನಗಬೇಡಿ, ಕಳಿಸಿದವರನ್ನು ನಾನು ನೋಡಿದ್ದೇನೆ.

## ಹಂತ 9: ಕೌಂಟರ್‌ನಲ್ಲೇ ಅಭ್ಯಾಸ

ಓದಿದರೆ ಬರುವುದಿಲ್ಲ ಇದು. ನಮ್ಮಲ್ಲಿ ಮಧ್ಯಾಹ್ನ ಜನ ಕಡಿಮೆ ಇರುವಾಗ ಮೂವರು ಕೂತು ಮಾಡುತ್ತೇವೆ. ಒಬ್ಬರು ಒಳಗಿನ ರೂಮಿನಲ್ಲಿ ಪೇಪರ್ ಮೇಲೆ ಬರೆಯುವುದು, ಅವರೇ ಗಿರಾಕಿ. ಇನ್ನೊಬ್ಬರು ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳುವುದು, ಉತ್ತರವನ್ನು ಬರೆದು ಒಳಗೆ ಕೊಡುವುದು. ಮೂರನೆಯವರು ಕೌಂಟರ್‌ನಲ್ಲಿ. ವಿಷಯ ಏನಾದರೂ ಆಗಬಹುದು: ಅಪಾಯಿಂಟ್‌ಮೆಂಟ್ ಬದಲಿಸುವುದು, ಬಿಲ್ ತಪ್ಪಾಗಿದೆ ಅಂತ ಜಗಳ. ಜಗಳವನ್ನು ಖಂಡಿತ ಒಮ್ಮೆ ಮಾಡಿ ನೋಡಿ. ಸಿಟ್ಟು ಬಂದಾಗಲೇ 'ಏನ್ರೀ, ಅವರಿಗೆ ಸ್ವಲ್ಪ ಹೇಳ್ರೀ' ಅಂತ ಬಾಯಿಗೆ ಬರುವುದು.

ಒಳಗಿನ ರೂಮಿನಲ್ಲಿ ಕೂರುವ ಪಾಳಿ ಎಲ್ಲರಿಗೂ ಬರಬೇಕು. ನೀವು ಬರೆದದ್ದಕ್ಕೆ ಉತ್ತರ ಬರುವ ತನಕ ಆ ಕಡೆ ಏನು ನಡೆಯುತ್ತಿದೆ, ಯಾರು ನಕ್ಕರು, ಫೋನ್ ಇಟ್ಟುಬಿಟ್ಟರಾ ಅಂತ ಗೊತ್ತಾಗದೆ ಬಾಗಿಲು ನೋಡುತ್ತಾ ಕೂರುತ್ತೀರಿ. ನನಗೆ ಆ ನೋಟ್‌ಬುಕ್ಕಿನ ಯಜಮಾನರು ನೆನಪಾಗಿದ್ದು ಅಲ್ಲೇ.

ದಂಡವೂ ಇದೆ. ಒಂದು 'ಅವರಿಗೆ ಹೇಳಿ'ಗೆ ಒಂದು ಪ್ಲೇಟ್ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ, ಕೂಗಿದರೆ ಎರಡು ಪ್ಲೇಟ್. ಮೊದಲ ವಾರ ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಟ್ಟವಳು ನಾನೇ. ಈಗ ಕಾಂಪೌಂಡರ್ ಕೊಡುತ್ತಿದ್ದಾರೆ.